ಸೀರೆ ಮಡಿಸುತ್ತಿದ್ದ ಕೈಗೆ ಬ್ರಷ್ ಬಂದದ್ದು

ಹಾಸನದ ಒಂದು ಸೀರೆ ಅಂಗಡಿಯಲ್ಲಿ ನಾನು ಏಳು ವರ್ಷ ಸೇಲ್ಸ್ ಕೆಲಸ ಮಾಡಿದೆ. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ರಾತ್ರಿ ಒಂಬತ್ತಕ್ಕೆ ಬಿಡುಗಡೆ. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇದೆ. ಅದು ನನಗೆ ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ. ಕೂರಲು ಸ್ಟೂಲ್ ಇರಲಿಲ್ಲ. ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕು. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಾಗಿ ಬಂತು. ಆ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಕಾಲುನೋವಿಗಿಂತ ಜಾಸ್ತಿ ಕಾಡಿದ್ದು ಬೇರೆ. ಮದುವೆ ಜವಳಿಗೆ ಒಂದು ಮನೆಯವರು ಬಂದರೆ ಎಂಬತ್ತು ಸೀರೆ ಬಿಚ್ಚಿ ಹಾಸುತ್ತಿದ್ದೆ. ಉಳಿದದ್ದನ್ನೆಲ್ಲ ಮತ್ತೆ ಅದೇ ಮಡಿಕೆಗೆ ತಂದು, ಸೆರಗು ಮೇಲೆ ಕಾಣುವ ಹಾಗೆ ಜೋಡಿಸಬೇಕು. ಇಡೀ ದಿನ ಏನು ಮಾಡಿದೆ ಅಂತ ತೋರಿಸಲು ರಾತ್ರಿಗೆ ಒಂದು ಗುರುತೂ ಉಳಿಯುತ್ತಿರಲಿಲ್ಲ.

ಖುಷಿ ಕೊಡುತ್ತಿದ್ದ ಕೆಲಸ ಒಂದೇ. ಆಷಾಢದ ರಿಯಾಯಿತಿ ಬಂದಾಗ ರಟ್ಟಿನ ಮೇಲೆ ಬೆಲೆ ಬರೆಯುವುದು. ನನ್ನ ಅಕ್ಷರ ದುಂಡಗೆ ಇತ್ತು. ಆ ಒಂದು ಗಂಟೆಗಾಗಿ ವರ್ಷವೆಲ್ಲ ಕಾಯುತ್ತಿದ್ದೆ.

ಬೋರ್ಡ್ ಬರೆಯುವ ಒಬ್ಬ ಹಿರಿಯರು ನಮ್ಮ ಬೀದಿಯಲ್ಲೇ ಇದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಅರ್ಧಕ್ಕರ್ಧ ನಿಂತು ಹೋಗಿತ್ತು. ವಾರದ ರಜೆಯಲ್ಲಿ ಅವರ ಜಗಲಿಗೆ ಹೋಗಿ ಕೂರತೊಡಗಿದೆ. ಮೂರು ತಿಂಗಳು ಬರೀ ತಲಕಟ್ಟು ಬರೆಸಿದರು. ಬ್ರಷ್ ಒತ್ತಿ ಶುರು ಮಾಡಿ, ತುದಿಯಲ್ಲಿ ಮೆಲ್ಲಗೆ ಎತ್ತಬೇಕು. ಹಳೇ ದಿನಪತ್ರಿಕೆಗಳ ಮೇಲೆ ಸಾವಿರಾರು ತಲಕಟ್ಟು.

ಮೊದಲ ಬೋರ್ಡ್ ಒಂದು ದಿನಸಿ ಅಂಗಡಿಯದು. ಎಂಟು ಅಡಿ ತಗಡು. ದಾರಕ್ಕೆ ಚಾಕ್ ಪುಡಿ ಹಚ್ಚಿ, ಎಳೆದು ಬಿಟ್ಟು ಎರಡು ಗೆರೆ ಹೊಡೆದೆ. ಅಕ್ಷರಗಳನ್ನು ಆ ಗೆರೆಗಳ ನಡುವೆ ತುಂಬಿಸಿದೆ. 'ಸ್ಟೋರ್ಸ್'ಗೆ ಬಂದಾಗ ಕೈ ನಿಂತಿತು. ಕೆಳಗೆ ಟ ಒತ್ತು, ಪಕ್ಕದಲ್ಲಿ ದೀರ್ಘ, ಕೊನೆಯಲ್ಲಿ ಅರ್ಕಾವತ್ತು. ಎಲ್ಲಿಗೂ ಜಾಗ ಇಲ್ಲ. ಒತ್ತು ಹೋಗಿ ಕೆಳಗಿನ ಫೋನ್ ನಂಬರಿನ ಮೇಲೆ ಕೂತಿತು. ಹಿರಿಯರು ಬಂದು ನೋಡಿದರು. ಬೈಯಲಿಲ್ಲ. "ಮೊದಲು ಒತ್ತಿಗೆ ಜಾಗ ಬಿಡು ಕಣವ್ವ, ಆಮೇಲೆ ಅಕ್ಷರ ಬರಿ" ಅಂದರು. ಥಿನ್ನರ್ ಬಟ್ಟೆಯಿಂದ ಎಲ್ಲ ಒರೆಸಿ ಮತ್ತೆ ಬರೆದೆ. ಈಗ ಪೆನ್ಸಿಲ್ಲಿನಲ್ಲಿ ಮೊದಲು ಒತ್ತಕ್ಷರಗಳನ್ನೇ ಗುರುತು ಮಾಡುತ್ತೇನೆ. ಕನ್ನಡ ಬರೆಯುವುದಾದರೆ ಎರಡು ಗೆರೆ ಸಾಲದು, ಒತ್ತಿಗೆ ಅಂತಲೇ ಮೂರನೆಯದು ಬೇಕು.

ಆ ಬೋರ್ಡಿಗೆ 1,200 ರೂಪಾಯಿ ಸಿಕ್ಕಿತು. ತಗಡು, ಪ್ರೈಮರ್, ಎನಾಮೆಲ್ ಕಳೆದು ಕೈಯಲ್ಲಿ ಉಳಿದದ್ದು ಕಡಿಮೆಯೇ. ಆದರೂ ಒಂದು ವಾರ ಕೆಲಸ ಮುಗಿಸಿ ಬರುವಾಗ ಸುತ್ತು ಬಳಸಿ ಅದರ ಮುಂದೆಯೇ ನಡೆದು ಬಂದೆ. ಅದು ಅಲ್ಲೇ ಇತ್ತು, ಅಲ್ವಾ? ಬೆಳಿಗ್ಗೆ ಯಾರೂ ಬಿಚ್ಚಿ ಹಾಕಿರಲಿಲ್ಲ.

ತಕ್ಷಣ ಕೆಲಸ ಬಿಡಲಿಲ್ಲ. ಆರು ತಿಂಗಳ ಮನೆ ಬಾಡಿಗೆ ಕೂಡಿಡುವವರೆಗೆ ಅಂಗಡಿಯಲ್ಲೇ ಇದ್ದೆ. ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಅಷ್ಟರಲ್ಲಿ 2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಅಂತ ಕಾನೂನಿಗೆ ತಿದ್ದುಪಡಿ ಬಂತು. ಕಟ್ಟಿನಕೆರೆ ಮಾರ್ಕೆಟ್ ಕಡೆಯಿಂದಲೇ ನಾಲ್ಕು ಬೋರ್ಡ್ ಸಿಕ್ಕಿದವು. ಆ ತಿಂಗಳೇ ಅಂಗಡಿಗೆ ಬರುವುದಿಲ್ಲ ಅಂತ ಹೇಳಿ ಬಂದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬ್ರಷ್ ತೊಳೆಯಲು ಸೀಮೆಎಣ್ಣೆ ಡಬ್ಬ ತಂದು ಕೊಟ್ಟಳು.

ಬೇಲೂರಿಗೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೆನೋ. ಕೆಲಸ ಬಿಟ್ಟ ಮೇಲೆ ಹೋದಾಗ ಮದನಿಕೆಯರ ಮುಖ ಬಿಟ್ಟು ಪೀಠ ನೋಡಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. 1117ರ ದೇವಸ್ಥಾನ ಅದು. ಕೆಲಸ ಮಾಡಿದವರು ಯಾರು ಅಂತ ಇವತ್ತಿಗೂ ಓದಬಹುದು. ವಾಪಸ್ ಬಂದು ಮುಂದಿನ ಬೋರ್ಡಿನ ಬಲಮೂಲೆಯಲ್ಲಿ ಚಿಕ್ಕದಾಗಿ ನನ್ನ ಹೆಸರು ಬರೆದೆ. ಅಂಗಡಿಯವರು ಬೇಡ ಅನ್ನಲಿಲ್ಲ.

ದುಡ್ಡು ಒಂದೇ ಸಮ ಬರುವುದಿಲ್ಲ. ಮಳೆಗಾಲದಲ್ಲಿ ಎನಾಮೆಲ್ ಬೇಗ ಒಣಗದು, ಬಣ್ಣದ ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಎರಡು ದಿನ ಬೇಕು. ಆಷಾಢದಲ್ಲಿ ಯಾರೂ ಹೊಸ ಅಂಗಡಿ ತೆರೆಯುವುದಿಲ್ಲ, ಹಾಗಾಗಿ ಬೋರ್ಡೂ ಇಲ್ಲ. ಸೀರೆ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ತಿಂಗಳು ಅದು. ಆ ತಿಂಗಳಿಗೆ ಅಂತ ಯುಗಾದಿಯಿಂದಲೇ ಸ್ವಲ್ಪ ಎತ್ತಿಡುತ್ತೇನೆ. ಜಗಲಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದೇ ಅಕ್ಷರ ತಿದ್ದುತ್ತೇನೆ. ಈ ಸಲ 'ಣ' ಹಿಡಿದಿದ್ದೇನೆ. ಅದರ ಒಳಸುತ್ತು ಇನ್ನೂ ಕೈಗೆ ಬಂದಿಲ್ಲ.