ಬಾಗಲಕೋಟೆ ಕಚೇರಿಯ ಶೇರ್‌ಪಾಯಿಂಟ್ ಸೈಟುಗಳನ್ನು ಹತೋಟಿಗೆ ತಂದದ್ದು

ಜಮಖಂಡಿ, ಮುಧೋಳ, ಇಳಕಲ್ ಶಾಖೆಗಳು ಶೇರ್‌ಪಾಯಿಂಟ್‌ನಲ್ಲಿ (ಕಚೇರಿಯ ಕಡತ ಹಂಚಿಕೊಳ್ಳುವ ಮೈಕ್ರೋಸಾಫ್ಟ್ ಸೇವೆ) ತಮಗೆ ಬೇಕಾದಂತೆ ಸೈಟು ತೆರೆಯುತ್ತಿದ್ದವು. ಒಂದೇ ಸುತ್ತೋಲೆ ಮೂರು ಕಡೆ, ಮೂರೂ ಬೇರೆ ಬೇರೆ ತಿದ್ದುಪಡಿಯೊಂದಿಗೆ.

ಮೊದಲು ಶೇರ್‌ಪಾಯಿಂಟ್ ಅಡ್ಮಿನ್ ಸೆಂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಕ್ರಿಯೇಷನ್ ಬಂದ್ ಮಾಡಿದೆವು. ಅಷ್ಟಕ್ಕೇ ಹೊಸ ಸೈಟುಗಳು ನಿಲ್ಲಲಿಲ್ಲ. ಟೀಮ್ಸ್‌ನಲ್ಲಿ ಹೊಸ ತಂಡ ಕಟ್ಟಿದರೂ ಅದರ ಬೆನ್ನಿಗೇ ಒಂದು ಗ್ರೂಪು (ಸದಸ್ಯರು, ಮೇಲ್, ಸೈಟು ಒಟ್ಟಿಗಿರುವ ಮೈಕ್ರೋಸಾಫ್ಟ್ 365 ಗುಂಪು), ಅದರೊಂದಿಗೆ ಒಂದು ಸೈಟು ಹುಟ್ಟುತ್ತದೆ. ಪವರ್‌ಶೆಲ್‌ನಲ್ಲಿ (ಆಜ್ಞೆ ಬರೆದು ಸೆಟ್ಟಿಂಗ್ ಬದಲಿಸುವ ಸಾಧನ) ಎಲ್ಲರಿಗೂ ಗ್ರೂಪು ಕಟ್ಟಲು ಬಿಡುವ ‘ಎನೇಬಲ್‌ಗ್ರೂಪ್‌ಕ್ರಿಯೇಷನ್’ ಅನ್ನು ಫಾಲ್ಸ್ ಮಾಡಿ, ಒಂದೇ ಸೆಕ್ಯುರಿಟಿ ಗ್ರೂಪಿಗೆ (ಅನುಮತಿ ಕೊಡಲು ಬಳಸುವ ಬಳಕೆದಾರರ ಪಟ್ಟಿ) ಅನುಮತಿ ಕೊಟ್ಟ ಮೇಲೆಯೇ ಹರಿವು ನಿಂತಿತು.

ಹಳೆಯ ಗ್ರೂಪುಗಳಿಗೆ, ನವೀಕರಣವಾಗದಿದ್ದರೆ ಅಳಿಯುವಂತೆ, 365 ದಿನದ ಅವಧಿ ಹಾಕಿದೆವು. ಇದಕ್ಕೆ ಎಂಟ್ರಾ ಐಡಿ ಪಿ1 (ಮೈಕ್ರೋಸಾಫ್ಟ್‌ನ ಖಾತೆ ನಿರ್ವಹಣಾ ಸೇವೆಯ ಹಣ ಕೊಟ್ಟು ಪಡೆಯುವ ಮಟ್ಟ) ಲೈಸೆನ್ಸ್ ಬೇಕು, ಖರ್ಚಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಬಳಕೆಯಲ್ಲಿರುವ ಗ್ರೂಪು ತಾನಾಗಿ ನವೀಕರಣಗೊಳ್ಳುತ್ತದೆ. ಉಳಿದವುಗಳ ಮಾಲೀಕರಿಗೆ ಅವಧಿ ಮುಗಿಯುವ 30, 15 ಮತ್ತು 1 ದಿನ ಮುಂಚೆ ಮೇಲ್ ಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಮಾಲೀಕ ಕೆಲಸ ಬಿಟ್ಟಿದ್ದರೆ ಆ ಮೇಲ್ ನೋಡುವವರಿಲ್ಲ, ಗ್ರೂಪು ಸದ್ದಿಲ್ಲದೆ ಅಳಿಯುತ್ತದೆ. ಹಾಗಾಗಿ ಪ್ರತಿ ಗ್ರೂಪಿಗೂ ಇಬ್ಬರು ಮಾಲೀಕರು ಕಡ್ಡಾಯ. ಮಾಲೀಕರಿಲ್ಲದ ಗ್ರೂಪುಗಳ ಸೂಚನೆಗೆ ಐಟಿ ವಿಭಾಗದ ವಿಳಾಸ ಕೊಡಿ.

ಅಳಿದ ಗ್ರೂಪನ್ನು 30 ದಿನದೊಳಗೆ ಮರಳಿ ತರಬಹುದು. ಸೈಟಿನ ಕಡತಗಳು ಮಾತ್ರ 93 ದಿನ ಇರುತ್ತವೆ. ಈ ಎರಡು ಅಂಕಿಗಳನ್ನು ಒಂದೇ ಎಂದುಕೊಂಡು 30 ದಿನ ದಾಟಿಸಿದರೆ ಗ್ರೂಪಿನ ಮೇಲ್‌ಗಳು ಕೈತಪ್ಪುತ್ತವೆ.