ಪಿಕಪ್‌ನ ವೇರಿಯಂಟ್ ಆರಿಸುವ ಮುನ್ನ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ಕಡೆ ಹಳೆಯ ಜೀಪನ್ನು ಕೊಟ್ಟು ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ ಇರುವ ಡಬಲ್ ಕ್ಯಾಬ್ ಪಿಕಪ್ ತಂದ ಹಲವು ಮನೆಗಳನ್ನು ನಾನು ಹತ್ತಿರದಿಂದ ಬಲ್ಲೆ. ಗಾಡಿಯ ಬಗ್ಗೆ ಅವರಿಗೆ ದೂರಿಲ್ಲ. ದೂರು ಇರುವುದು ತಾವು ಆರಿಸಿಕೊಂಡ ವೇರಿಯಂಟ್‌ನ, ಅಂದರೆ ಗಾಡಿಯ ದರ್ಜೆಯ ಬಗ್ಗೆ. ಷೋರೂಮಿನ ದೀಪಗಳ ಕೆಳಗೆ ಹೊಳೆಯುವ ದೊಡ್ಡ ಅಲಾಯ್ ಚಕ್ರಗಳನ್ನೂ ಚರ್ಮದ ಸೀಟುಗಳನ್ನೂ ಕಂಡು ಎಲ್ಲಕ್ಕೂ ಮೇಲಿನ ದರ್ಜೆಯಾದ ಟಾಪ್ ಎಂಡ್ ಬುಕ್ ಮಾಡಿರುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮನೆಯ ಹಿರಿಯರು ಆಸ್ಪತ್ರೆಗೆ ಹೋಗಬೇಕಾದಾಗ ಪಕ್ಕದ ಮನೆಯವರ ಕಾರು ಸಿಗುತ್ತದೆಯೇ ಎಂದು ವಿಚಾರಿಸತೊಡಗುತ್ತಾರೆ. ಅಂದವನ್ನೂ ಪ್ರಯಾಣದ ಸುಖವನ್ನೂ ಒಟ್ಟಿಗೆ ತೂಗಿ ನೋಡುವ ಕ್ರಮ ಗೊತ್ತಿದ್ದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ನಮ್ಮಲ್ಲಿ ಮನೆಬಳಕೆಗೆ ಕೊಳ್ಳುವವರ ಮುಂದೆ ಮುಖ್ಯವಾಗಿ ಇರುವುದು ಎರಡು ಹೆಸರು. ಒಂದು, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ಡಿ-ಮ್ಯಾಕ್ಸ್. ಇದರಲ್ಲಿ ಸರಳವಾದ ಹೈ-ಲ್ಯಾಂಡರ್ ಮತ್ತು 2016ರಿಂದ ಮಾರಾಟದಲ್ಲಿರುವ ವಿ-ಕ್ರಾಸ್ ಇವೆ. ವಿ-ಕ್ರಾಸ್‌ನಲ್ಲಿ ಝಡ್ ಮತ್ತು ಝಡ್ ಪ್ರೆಸ್ಟೀಜ್ ಎಂಬ ದರ್ಜೆಗಳು. ಇನ್ನೊಂದು, 2022ರಲ್ಲಿ ಬಂದ, ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಜೋಡಣೆಯಾಗುವ ಟೊಯೊಟಾ ಹೈಲಕ್ಸ್; ಇದರಲ್ಲಿ ಸ್ಟ್ಯಾಂಡರ್ಡ್ ಮತ್ತು ಹೈ. ಕೆಳಗೆ ಹೇಳುವುದೆಲ್ಲ ಇವುಗಳನ್ನು ಮುಂದಿಟ್ಟುಕೊಂಡು ಬರೆದದ್ದು.

ಮೊದಲ ಹೆಜ್ಜೆ: ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ

ಬ್ರೋಶರ್ ಕೈಗೆ ತೆಗೆದುಕೊಂಡು, ಬೆಲೆ ಹೆಚ್ಚಾದಂತೆ ಬದಲಾಗುವ ಸಂಗತಿಗಳಿಗೆ ಗುರುತು ಹಾಕಿ. ಚಕ್ರದ ಅಳತೆ, ಸೀಟಿನ ಹೊದಿಕೆ, ದೀಪ, ಪರದೆ, ಏರ್‌ಬ್ಯಾಗ್‌ಗಳ ಸಂಖ್ಯೆ, ಗೇರ್ ವ್ಯವಸ್ಥೆ, ಫೋರ್ ವೀಲ್ ಡ್ರೈವ್ ಇವೆಲ್ಲ ಬದಲಾಗುತ್ತವೆ. ಹಿಂಬದಿಯ ಆಕ್ಸಲ್ (ಚಕ್ರಗಳ ಅಚ್ಚು) ಅನ್ನು ಹೊತ್ತಿರುವ ಲೀಫ್ ಸ್ಪ್ರಿಂಗ್ ಮಾತ್ರ ಬದಲಾಗುವುದಿಲ್ಲ. ಅತಿ ಕಡಿಮೆ ಬೆಲೆಯ ಹೈ-ಲ್ಯಾಂಡರ್‌ನಲ್ಲೂ ಅತಿ ದುಬಾರಿಯ ಹೈಲಕ್ಸ್‌ನಲ್ಲೂ ಇರುವುದು ಲಾರಿಗಳಲ್ಲಿ ನಾವು ಕಾಣುವ ಪಟ್ಟಿ ಪಟ್ಟಿಯ ಸ್ಪ್ರಿಂಗೇ. ಭಾರ ಹೊರಲೆಂದು ಮಾಡಿದ ಈ ಸ್ಪ್ರಿಂಗ್, ಭಾರವಿಲ್ಲದಾಗ ಬಾಗುವುದಿಲ್ಲ. ಬಾಗದ ಸ್ಪ್ರಿಂಗ್ ಗುಂಡಿಯ ಏಟನ್ನು ನೇರವಾಗಿ ಕ್ಯಾಬಿನ್‌ಗೆ ದಾಟಿಸುತ್ತದೆ. ಖಾಲಿ ಪಿಕಪ್ ಕುಪ್ಪಳಿಸುವುದಕ್ಕೆ ಕಾರಣ ಇಷ್ಟೇ.

ಯೂಟ್ಯೂಬಿನಲ್ಲಿ ಅಮೆರಿಕದ ಪಿಕಪ್‌ಗಳ ವಿಡಿಯೊ ನೋಡಿ, ‘ಟಾಪ್ ಎಂಡ್ ಕೊಂಡರೆ ಕಾರಿನಂತೆ ಹೋಗುತ್ತದೆ’ ಎಂದು ನಂಬಿರುವವರಿಗೆ ಒಂದು ಮಾತು. ಅಲ್ಲಿನ ರ‍್ಯಾಮ್ 1500 ಎಂಬ ಗಾಡಿಯಲ್ಲಿ 2009ರ ಮಾದರಿಯಿಂದಲೇ ಹಿಂಬದಿಗೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಇದೆ. ಹೆಚ್ಚು ಹಣ ಕೊಟ್ಟರೆ ಗಾಳಿಯ ಸಸ್ಪೆನ್ಶನ್ನೂ ಸಿಗುತ್ತದೆ. ಅಲ್ಲಿ ದರ್ಜೆ ಏರಿದರೆ ಸುಖವೂ ಏರಬಹುದು. ನಮ್ಮ ಈ ಎರಡು ಗಾಡಿಗಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಎರಡನೆಯ ಹೆಜ್ಜೆ: ಟೈರಿನ ಪಕ್ಕದ ಗೋಡೆಯನ್ನು ಲೆಕ್ಕ ಹಾಕಿ

ಸ್ಪ್ರಿಂಗ್ ಒಂದೇ ಆದಮೇಲೆ, ವೇರಿಯಂಟ್‌ಗಳ ನಡುವೆ ಸುಖದ ವ್ಯತ್ಯಾಸ ತರುವ ಮೊದಲ ವಸ್ತು ಟೈರು. ಹೈ-ಲ್ಯಾಂಡರ್‌ಗೆ 16 ಇಂಚಿನ ಉಕ್ಕಿನ ಚಕ್ರ, 245/70 ಟೈರು. ವಿ-ಕ್ರಾಸ್‌ಗೆ 18 ಇಂಚಿನ ಅಲಾಯ್, 255/60 ಟೈರು. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕದ ಗೋಡೆಯ ಎತ್ತರ ಎಂಬುದು. ಗುಣಿಸಿದರೆ ಹೈ-ಲ್ಯಾಂಡರ್‌ನ ಟೈರಿನ ಗೋಡೆ ಸುಮಾರು 171 ಮಿ.ಮೀ., ವಿ-ಕ್ರಾಸ್‌ನದು 153 ಮಿ.ಮೀ. ಕಲ್ಲು ತಾಕಿದಾಗ ಮೊದಲು ಅದುಮಿಕೊಳ್ಳುವುದು ಈ ರಬ್ಬರು ಗೋಡೆಯೇ ಆದ್ದರಿಂದ, 18 ಮಿ.ಮೀ. ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ. ಬೆಲೆ ಕಡಿಮೆಯಿರುವ, ನೋಡಲು ಸಾಧಾರಣವಾದ ಗಾಡಿಯೇ ಸಣ್ಣ ಕಲ್ಲಿನ ದಾರಿಯಲ್ಲಿ ಮೃದುವಾಗಿ ಹೋಗುವುದನ್ನು ಕಂಡು ಬೆರಗಾದವರು ಹಲವರಿದ್ದಾರೆ.

ದೊಡ್ಡ ಚಕ್ರದ ಅಂದ ಬೇಕು, ಸುಖವೂ ಬೇಕು ಎನ್ನುವವರು ಪೇಟೆಯ ಚಕ್ರದಂಗಡಿಗೆ ಹೋಗಿ 20 ಇಂಚಿನ ಅಲಾಯ್ ಹಾಕಿಸುವುದುಂಟು. ದಯವಿಟ್ಟು ಹಾಕಿಸಬೇಡಿ. ಚಕ್ರ ಹೊರಕ್ಕೆ ಕಾಣಲೆಂದು ನಡುವೆ ತೂರಿಸುವ ಸ್ಪೇಸರ್ ಬಿಲ್ಲೆಗಳಂತೂ ಬೇಡವೇ ಬೇಡ. ಬೇರಿಂಗ್‌ನ ಮೇಲೂ ಬೋಲ್ಟುಗಳ ಮೇಲೂ ಬೀಳುವ ಎಳೆತವನ್ನು ಅವು ಹೆಚ್ಚಿಸುತ್ತವೆ. ಬದಲಾಯಿಸಲೇಬೇಕೆಂದಿದ್ದರೆ ಕೆಳಮುಖವಾಗಿ ಬದಲಾಯಿಸಿ. ಹೈಲಕ್ಸ್‌ನ 265/60, 18 ಇಂಚಿನ ಟೈರಿಗೂ 265/65, 17 ಇಂಚಿನ ಟೈರಿಗೂ ಹೊರವ್ಯಾಸದಲ್ಲಿ ಒಂದು ಮಿಲಿಮೀಟರಿನಷ್ಟೇ ಅಂತರ. ಆದ್ದರಿಂದ ವೇಗದ ಮುಳ್ಳು ತಪ್ಪು ತೋರಿಸುವುದಿಲ್ಲ, ಪಕ್ಕದ ಗೋಡೆ ಮಾತ್ರ 13 ಮಿ.ಮೀ. ಹೆಚ್ಚುತ್ತದೆ. ಹೊಸ ಟೈರು ಹೊರಬಲ್ಲ ಭಾರದ ಸಂಖ್ಯೆ ಮೂಲ ಟೈರಿಗಿಂತ ಕಡಿಮೆ ಇರಬಾರದು, ಚಕ್ರ ಬ್ರೇಕಿಗೆ ತಾಗಬಾರದು. ಇವೆರಡನ್ನೂ ಡೀಲರ್‌ನಿಂದ ಬರಹದಲ್ಲಿ ಪಡೆಯಿರಿ.

ಮೂರನೆಯ ಹೆಜ್ಜೆ: ಟೆಸ್ಟ್ ಡ್ರೈವ್, ನಿಮ್ಮ ದಾರಿಯಲ್ಲಿ, ನಿಮ್ಮ ಭಾರದೊಂದಿಗೆ

ಎಲ್ಲರೂ ಎಡವುವುದು ಇಲ್ಲಿಯೇ. ಷೋರೂಮಿನವರು ಬೈಪಾಸ್ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಲು ಕೊಡುತ್ತಾರೆ, ಕೊಳ್ಳುವವರು ಸ್ಟಿಯರಿಂಗ್ ಹಿಡಿದ ಸಂತೋಷದಲ್ಲಿ ಅಷ್ಟಕ್ಕೇ ಮರಳುತ್ತಾರೆ. ಹೊಸ ಡಾಂಬರಿನ ಮೇಲೆ ಎಲ್ಲ ಗಾಡಿಯೂ ಸುಖವಾಗಿಯೇ ಇರುತ್ತದೆ. ಆದ್ದರಿಂದ ಫೋನಿನಲ್ಲಿ ಮಾತನಾಡುವಾಗಲೇ ಕನಿಷ್ಠ ಒಂದೂವರೆ ಗಂಟೆ ಬೇಕೆಂದು ತಿಳಿಸಿ, ಸಾಧ್ಯವಾದರೆ ಗಾಡಿಯನ್ನು ಮನೆಗೇ ತರಿಸಿ.

ಹತ್ತುವ ಮೊದಲು ಟೈರುಗಳ ಗಾಳಿ ನೋಡಿ. ಚಾಲಕನ ಬಾಗಿಲು ತೆರೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಬರೆದಿರುತ್ತದೆ. ಟೆಸ್ಟ್ ಡ್ರೈವ್ ಗಾಡಿಗಳಲ್ಲಿ ಅದಕ್ಕಿಂತ ಹೆಚ್ಚು ಗಾಳಿ ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಒಮ್ಮೆ ಒಂದು ಷೋರೂಮಿನಲ್ಲಿ ಹೆಚ್ಚು ಗಾಳಿಯಿದ್ದ ಟಾಪ್ ಎಂಡ್ ಗಾಡಿಯನ್ನೂ ಸರಿಯಾದ ಗಾಳಿಯಿದ್ದ ಕೆಳದರ್ಜೆಯ ಗಾಡಿಯನ್ನೂ ಒಂದರ ಹಿಂದೊಂದರಂತೆ ಓಡಿಸಿ, ನಾನೇ ತಪ್ಪು ತೀರ್ಮಾನಕ್ಕೆ ಬಂದು ಸ್ನೇಹಿತರೊಬ್ಬರಿಗೆ ತಪ್ಪು ಸಲಹೆ ಕೊಟ್ಟಿದ್ದೆ. ಅಂದಿನಿಂದ ಗಾಳಿಯ ಮೀಟರನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಮೊದಲ ಸುತ್ತು ಖಾಲಿ ಗಾಡಿಯಲ್ಲಿ. ರಸ್ತೆಯುಬ್ಬನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ದಾಟಿ, ಮರಳಿ ಬಂದು 25ರಲ್ಲಿ ದಾಟಿ. ಮುಂದಿನ ಚಕ್ರ ಹತ್ತಿದ್ದು ಮೆತ್ತಗೆ, ಹಿಂದಿನದು ಹತ್ತಿದ್ದು ಗುದ್ದಿದಂತೆ ಅನ್ನಿಸುವುದು ಸಹಜ. ಉಬ್ಬು ದಾಟಿದ ಮೇಲೆ ಹಿಂಭಾಗ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು ಎಣಿಸಿ. ಒಂದು ಸಲಕ್ಕೆ ನಿಂತರೆ ಒಳ್ಳೆಯದು. ಅನಂತರ ಜಲ್ಲಿ ಕಿತ್ತ ದಾರಿಯಲ್ಲಿ 30ರ ವೇಗದಲ್ಲಿ ಒಂದು ತಿರುವು ತೆಗೆದುಕೊಳ್ಳಿ. ಸಾಲು ಸಾಲು ಗುಳಿಗಳಿರುವ ತಿರುವಿನಲ್ಲಿ ಹಗುರವಾದ ಹಿಂಭಾಗ ಹೊರಕ್ಕೆ ಜರುಗುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಿಸುವವರು ಇದನ್ನು ಮೊದಲೇ ಅನುಭವಿಸಿ ತಿಳಿದಿರುವುದು ಕ್ಷೇಮ.

ಎರಡನೆಯ ಸುತ್ತಿಗೆ 50 ಕೆ.ಜಿ.ಯ ಮೂರು ನಾಲ್ಕು ಗೊಬ್ಬರದ ಚೀಲಗಳನ್ನು ತೊಟ್ಟಿಯಲ್ಲಿ, ಕ್ಯಾಬಿನ್‌ಗೆ ಒತ್ತಿಕೊಂಡಂತೆ ಇಟ್ಟು ಕಟ್ಟಿ, ಅದೇ ಉಬ್ಬು, ಅದೇ ತಿರುವು ದಾಟಿ. ಅದೇ ಗಾಡಿ ಬೇರೆಯದೇ ಆಗಿರುತ್ತದೆ. ವಾರಕ್ಕೆ ನಾಲ್ಕು ದಿನ ಭಾರ ಹೊರಿಸುವವರು ಈ ಸುತ್ತನ್ನು ನೆಚ್ಚಿಕೊಂಡು ದೊಡ್ಡ ಚಕ್ರದ ವೇರಿಯಂಟನ್ನೂ ಧೈರ್ಯವಾಗಿ ಕೊಳ್ಳಬಹುದು. ಹೆಚ್ಚಾಗಿ ಖಾಲಿಯೇ ಓಡಿಸುವವರು ಮೊದಲ ಸುತ್ತನ್ನು ನಂಬಬೇಕು. ಎಷ್ಟು ಭಾರ ಹೊರಿಸಲು ಅನುಮತಿ ಇದೆ ಎಂಬುದನ್ನು ಕೇಳಿ ತಿಳಿಯಬೇಡಿ, ಕಾಗದದಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದು ನೋಡಿ. ಒಳಗೆ ಕುಳಿತವರ ತೂಕವೂ ಅದರಲ್ಲೇ ಸೇರಬೇಕು.

ಮೂರನೆಯ ಸುತ್ತಿನಲ್ಲಿ ಸ್ಟಿಯರಿಂಗ್ ಬೇರೆಯವರಿಗೆ ಕೊಟ್ಟು ನೀವು ಹಿಂದೆ ಕುಳಿತುಕೊಳ್ಳಿ. ಹಿಂದಿನ ಸೀಟಿನ ಬೆನ್ನಿಗೆ ಕ್ಯಾಬಿನ್ನಿನ ಗೋಡೆ ಅಂಟಿಕೊಂಡಿರುವುದರಿಂದ ಅದು ಕಾರಿನ ಸೀಟಿನಷ್ಟು ವಾಲುವುದಿಲ್ಲ, ಆಸನವೂ ತಗ್ಗಿನಲ್ಲಿದ್ದು ಮೊಣಕಾಲು ಮೇಲಕ್ಕೆ ಬರುತ್ತದೆ. ಚರ್ಮ ಹೊದಿಸಿದ ಮಾತ್ರಕ್ಕೆ ಈ ಕೋನ ಬದಲಾಗುವುದಿಲ್ಲ. ಮನೆಯಲ್ಲಿ ಸೊಂಟನೋವಿನವರು ಇದ್ದರೆ ಅವರನ್ನೇ ಕರೆದೊಯ್ದು ಅರ್ಧ ಗಂಟೆ ಕೂರಿಸಿ. ಹತ್ತಿ ಇಳಿಯಲು ಪಕ್ಕದ ಮೆಟ್ಟಿಲು, ಕಂಬದ ಹಿಡಿಕೆ ಎರಡೂ ಇವೆಯೇ ಎಂದು ನೋಡಿ. ಸೀರೆಯುಟ್ಟ ಹಿರಿಯರಿಗೆ ಮೆಟ್ಟಿಲಿಲ್ಲದ ಪಿಕಪ್ ದೊಡ್ಡ ಶಿಕ್ಷೆ.

ಗೇರ್ ವಿಷಯದಲ್ಲಿ ನನ್ನ ಸಲಹೆ ಖಚಿತ: ಘಾಟಿಯಲ್ಲಿ ಬದುಕುವವರು ಆಟೊಮ್ಯಾಟಿಕ್ ಕೊಳ್ಳಬೇಕು. ಹೈಲಕ್ಸ್‌ನಲ್ಲಿ ಮ್ಯಾನ್ಯುಯಲ್‌ಗೆ 420, ಆಟೊಮ್ಯಾಟಿಕ್‌ಗೆ 500 ನ್ಯೂಟನ್ ಮೀಟರ್ ಎಳೆತವಿದೆ. ಚರ್ಮದ ಸೀಟಿಗಿಂತ ಈ ವ್ಯತ್ಯಾಸವೇ ದಿನದ ದಣಿವನ್ನು ಕಡಿಮೆ ಮಾಡುತ್ತದೆ.

ನಾಲ್ಕನೆಯ ಹೆಜ್ಜೆ: ಅಂದ

ಬಣ್ಣ ನಿಮ್ಮ ಇಷ್ಟ. ಕಪ್ಪು ಮಾತ್ರ ಬೇಡ. ಕಾಫಿ ಗಿಡದ ರೆಂಬೆ ಗೀರಿದ್ದೆಲ್ಲ ಅದರ ಮೇಲೆ ಬಿಳಿಯಾಗಿ ನಿಲ್ಲುತ್ತದೆ. ಕರಾವಳಿಯವರು ಕ್ರೋಮ್ ಹೆಚ್ಚಿರುವ ವೇರಿಯಂಟ್‌ಗಿಂತ ಕಪ್ಪು ಪ್ಲಾಸ್ಟಿಕ್ ಅಲಂಕಾರದ್ದನ್ನು ಆರಿಸಲಿ, ಉಪ್ಪು ಗಾಳಿಗೆ ಕ್ರೋಮ್ ಚುಕ್ಕೆ ಬೀಳುತ್ತದೆ. ತೊಟ್ಟಿಯ ಮೇಲೆ ಕಮಾನಿನಂತೆ ನಿಲ್ಲುವ ಸ್ಪೋರ್ಟ್ಸ್ ಬಾರ್ ನೋಡಲು ಚೆಂದ, ಆದರೆ ಏಣಿ, ಪೈಪು, ಸಿಲ್ವರ್ ಓಕ್ ತುಂಡು ಹೇರುವವರಿಗೆ ಅದು ಅಡ್ಡ. ಮುಂದಿನ ಬಂಪರಿಗೆ ಕಟ್ಟುವ ಉಕ್ಕಿನ ಬುಲ್ ಬಾರ್ ಹಾಕಿಸುವುದು ಕಾನೂನಿಗೆ ವಿರುದ್ಧ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ದಂಡಕ್ಕಿಂತ ಮುಖ್ಯವಾದದ್ದು, ಡಿಕ್ಕಿಯ ಏಟು ಸಾಗುವ ರೀತಿಯನ್ನೇ ಅದು ಕೆಡಿಸುತ್ತದೆ ಎಂಬುದು.

ತೊಟ್ಟಿಗೆ ಒಳಹೊದಿಕೆ ಅಗತ್ಯ. ಅಚ್ಚು ಹಾಕಿದ ಪ್ಲಾಸ್ಟಿಕ್ ತಟ್ಟೆಯನ್ನು ಕೂರಿಸಿಬಿಡುವುದು ಅಗ್ಗ ಮತ್ತು ಸುಲಭ, ಆದರೆ ಮಲೆನಾಡಿನ ಮಳೆಯಲ್ಲಿ ಅದರ ಅಡಿಗೆ ನೀರು, ಮಣ್ಣು ಸೇರಿ, ತಟ್ಟೆ ಅಲುಗಿದಂತೆಲ್ಲ ಬಣ್ಣ ಉಜ್ಜಿ ಹೋಗಿ ತುಕ್ಕು ಹಿಡಿಯುತ್ತದೆ. ಸ್ಪ್ರೇ ಮಾಡಿ ಅಂಟಿಸುವ ಹೊದಿಕೆಗೇ ಹಣ ಹಾಕಿ. ಪಕ್ಕದ ಏರ್‌ಬ್ಯಾಗ್ ಸೀಟಿನೊಳಗೇ ಇರುವ ವೇರಿಯಂಟ್ ಕೊಂಡವರು ಅಂಗಡಿಯ ದಪ್ಪ ಸೀಟು ಕವರ್ ಹಾಕಿಸಲೇಬಾರದು. ಏರ್‌ಬ್ಯಾಗ್ ಹೊರಬರುವ ಹೊಲಿಗೆಯನ್ನು ಅದು ಮುಚ್ಚಿಬಿಡುತ್ತದೆ.

ಮೆತ್ತಗಾಗಲೆಂದು ಲೀಫ್ ಸ್ಪ್ರಿಂಗ್‌ನ ಒಂದು ಪಟ್ಟಿ ತೆಗೆಸುವ ಅಡ್ಡದಾರಿಯನ್ನು ಕೆಲವು ಗ್ಯಾರೇಜುಗಳು ಸೂಚಿಸುತ್ತವೆ. ಖಾಲಿ ಇದ್ದಾಗ ಸುಖವೆನಿಸುವ ಆ ಗಾಡಿ, ಭಾರ ಹೇರಿದ ದಿನ ಹಿಂದಕ್ಕೆ ಕುಸಿದು, ದೀಪಗಳು ಎದುರು ಬರುವವರ ಕಣ್ಣಿಗೆ ಹೊಡೆಯುತ್ತವೆ, ಮುಂಚಕ್ರದ ಹಿಡಿತವೂ ಸಡಿಲವಾಗುತ್ತದೆ. ಅದಕ್ಕೆ ಬದಲು ಮೊದಲ ಕೆಲವು ಸಾವಿರ ಕಿಲೋಮೀಟರ್ ಕಾಯಿರಿ, ಪಟ್ಟಿಗಳು ಒಂದಿಷ್ಟು ಪಳಗುತ್ತವೆ. ಆಮೇಲೂ ಒರಟೆನಿಸಿದರೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಬದಲಾಯಿಸುವ ಬಗ್ಗೆ ಸರ್ವಿಸ್ ಸೆಂಟರಿನಲ್ಲಿ ಮಾತನಾಡಿ.

ಡೆಲಿವರಿಯ ದಿನ ಹೂವಿನ ಹಾರ, ನಿಂಬೆಹಣ್ಣು ಮುಗಿದ ಮೇಲೆ ಮತ್ತೊಮ್ಮೆ ಗಾಳಿ ಅಳೆಯಿರಿ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗಳ ಟೈರು ಚಪ್ಪಟೆಯಾಗದಿರಲೆಂದು ಯಾರ್ಡಿನಲ್ಲಿ ಹೆಚ್ಚು ಗಾಳಿ ತುಂಬಿಸಿರುವುದುಂಟು, ಅದನ್ನು ಇಳಿಸದೆಯೇ ಕೊಟ್ಟುಬಿಡುವುದೂ ಉಂಟು. ಚೀಟಿಯಲ್ಲಿರುವ ಖಾಲಿ ಗಾಡಿಯ ಅಂಕಿಗೆ ಇಳಿಸಿ, ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡಿ.