ಎಚ್‌ಪಿವಿ ಚರ್ಮದಿಂದ ಚರ್ಮಕ್ಕೆ ದಾಟುವುದು ಹೇಗೆ, ತಡೆಯುವುದು ಹೇಗೆ

ಕಾರವಾರದ ಮೀನು ಮಾರುಕಟ್ಟೆಯಲ್ಲಿ ನನಗೆ ಪರಿಚಯದ ಹೆಂಗಸೊಬ್ಬರಿದ್ದಾರೆ. ಅವರ ಬೆರಳುಗಳ ಮೇಲೆ ನಾಲ್ಕೈದು ನರಹುಲಿ. ಮೊನ್ನೆ ಬಂಗಡೆ ಕೊಯ್ಯುತ್ತಾ ದನಿ ತಗ್ಗಿಸಿ ಕೇಳಿದರು: "ಇದು ಹೆಂಗಸರಿಗೆ ಕ್ಯಾನ್ಸರ್ ತರುವ ವೈರಸ್ಸಂತೆ, ಹೌದಾ? ಮೊಮ್ಮಗಳನ್ನು ಎತ್ತಿಕೊಳ್ಳೋದೇ ಬಿಟ್ಟಿದ್ದೇನೆ."

ಈ ಲೇಖನ ಅವರಿಗಾಗಿ. ಆ ಭಯವನ್ನು ಯಾರ ಹತ್ತಿರವೂ ಹೇಳಿಕೊಳ್ಳದೆ ಒಳಗೇ ಇಟ್ಟುಕೊಂಡಿರುವ ನಮ್ಮ ಜಿಲ್ಲೆಯ ಎಲ್ಲರಿಗಾಗಿ ಕೂಡ.

ಮೊದಲು, ಯಾವ ಎಚ್‌ಪಿವಿ ಅಂತ ತಿಳಿದುಕೊಳ್ಳಿ

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಒಂದೇ ವೈರಸ್ ಅಲ್ಲ. 200ಕ್ಕೂ ಜಾಸ್ತಿ ವೈರಸ್‌ಗಳಿರುವ ದೊಡ್ಡ ಮನೆತನ. ಕೈಕಾಲಿನಲ್ಲಿ ನರಹುಲಿ ಎಬ್ಬಿಸುವವು ಬೇರೆ, ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್ ತರುವವು ಬೇರೆ. ಜನನಾಂಗದ ಚರ್ಮಕ್ಕೆ ಅಂಟುವವು ಸುಮಾರು 40. ಅವುಗಳಲ್ಲಿ ಹನ್ನೆರಡು, ಹದಿನಾಲ್ಕು ಬಗೆ ಮಾತ್ರ ಅಪಾಯದವು. ಅದರಲ್ಲೂ 16 ಮತ್ತು 18ನೇ ನಂಬರಿನವು ಸೇರಿ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ನೂರಕ್ಕೆ 70ರಷ್ಟಕ್ಕೆ ಕಾರಣ. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಹಾಗಾಗಿ ನಮ್ಮ ಮೀನಿನ ಅಕ್ಕ ಮೊಮ್ಮಗಳನ್ನು ಧೈರ್ಯವಾಗಿ ಎತ್ತಿಕೊಳ್ಳಬಹುದು. ನರಹುಲಿಯ ಮೇಲೊಂದು ಪ್ಲಾಸ್ಟರ್ ಹಾಕಿಕೊಂಡರೆ ಸಾಕು. ದಿನವಿಡೀ ಒದ್ದೆಯಾಗಿದ್ದು, ಮುಳ್ಳು ಚುಚ್ಚಿ ಗೀರಾದ ಕೈಗೆ ನರಹುಲಿ ಬೇಗ ಅಂಟುತ್ತದೆ. ಮೀನು, ಮಾಂಸ ಕೊಯ್ಯುವವರಲ್ಲಿ ಅದು ಜಾಸ್ತಿ ಕಾಣುವುದು ಇದಕ್ಕೇ.

ಅದು ಒಳಗೆ ಹೋಗುವ ದಾರಿ ನೋಡಿ

ನಮ್ಮ ಚಿರೆಕಲ್ಲಿನ ಗೋಡೆ ನೆನಪಿಸಿಕೊಳ್ಳಿ. ಗಿಲಾವು ಗಟ್ಟಿಯಾಗಿದ್ದರೆ ಆಷಾಢದ ಮಳೆ ಎಷ್ಟೇ ಹೊಯ್ದರೂ ನೀರು ಜಾರಿ ಹೋಗುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಒಳಗಿನ ಕಲ್ಲಿಗೆ ಇಳಿಯುತ್ತದೆ. ಎಚ್‌ಪಿವಿ ಕೂಡ ಹೀಗೇ. ಚರ್ಮದ ಮೇಲಿನ ಪದರದಲ್ಲಿ ಅದು ಬದುಕು ಕಟ್ಟಲಾರದು. ಅದಕ್ಕೆ ಬೇಕಾದದ್ದು ತಳದ ಪದರದ ಜೀವಕೋಶ. ಕಣ್ಣಿಗೆ ಕಾಣದ, ನೋವೂ ಆಗದ ಸಣ್ಣ ತರಚಿನಿಂದ ಅದು ಅಲ್ಲಿಗೆ ಇಳಿಯುತ್ತದೆ. ಲೈಂಗಿಕ ಸಂಪರ್ಕದಲ್ಲಿ ಚರ್ಮ ಉಜ್ಜುವಾಗ ಅಂಥ ತರಚು ಆಗುವುದು ಸಹಜ.

ತಳದ ಜೀವಕೋಶ ಬೆಳೆದು ಮೇಲೆ ಬರುತ್ತಾ ಹೋದಂತೆ ವೈರಸ್ಸೂ ಅದರ ಜೊತೆ ಮೇಲೇರುತ್ತದೆ. ಕೊನೆಗೆ ಉದುರುವ ಸತ್ತ ಚರ್ಮದ ಹೊಟ್ಟಿನ ಜೊತೆ ಹೊರಬಂದು ಇನ್ನೊಬ್ಬರಿಗೆ ತಾಗುತ್ತದೆ. ಇದು ರಕ್ತಕ್ಕೆ ಇಳಿಯುವುದೇ ಇಲ್ಲ. ಜ್ವರ ಬರುವುದಿಲ್ಲ, ನೋವಿಲ್ಲ, ತುರಿಕೆಯಿಲ್ಲ. ದೇಹದ ಕಾವಲು ಪಡೆಗೇ ಸುಳಿವು ಸಿಗುವುದು ತಡವಾಗುತ್ತದೆ ಅಂದ ಮೇಲೆ ನಮಗೆ ಗೊತ್ತಾಗುವುದು ಹೇಗೆ? ಅಂಟಿಸಿದವರಿಗೂ ಗೊತ್ತಿರುವುದಿಲ್ಲ, ಅಂಟಿಸಿಕೊಂಡವರಿಗೂ ಗೊತ್ತಿರುವುದಿಲ್ಲ.

ಪೂರ್ತಿ ಸಂಭೋಗವೇ ಆಗಬೇಕೆಂದಿಲ್ಲ. ಜನನಾಂಗದ ಚರ್ಮಕ್ಕೆ ಚರ್ಮ ತಾಗಿದರೂ ದಾಟಬಹುದು. ಬಾಯಿಯ ಮೂಲಕ ಗಂಟಲಿಗೂ ಹೋಗಬಹುದು. ಆದರೆ ಬಸ್ ಸ್ಟ್ಯಾಂಡಿನ ಶೌಚಾಲಯ, ಕೆರೆಯ ಸ್ನಾನ, ಒಂದೇ ತಟ್ಟೆಯ ಊಟ ಇವುಗಳಿಂದ ಬಂತು ಅನ್ನಲು ಗಟ್ಟಿ ಆಧಾರ ಇಲ್ಲ. ಸುಮ್ನೆ ಆ ಚಿಂತೆ ಬೇಡ.

ಜಗಳ ಬೇಡ

ಇಲ್ಲಿ ಸ್ವಲ್ಪ ನಿಲ್ಲಬೇಕು. ತಪಾಸಣೆಯಲ್ಲಿ ಎಚ್‌ಪಿವಿ ಬಂದಿದೆ ಅಂದ ಕೂಡಲೇ ಮನೆಗಳಲ್ಲಿ ಅನುಮಾನ ಶುರುವಾಗುತ್ತದೆ. ನನಗೆ ತುಂಬ ಬೇಸರ ತರಿಸುವುದು ಇದೇ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲದು. ಇವತ್ತು ಸಿಕ್ಕಿದ್ದು ಮದುವೆಗೂ ಮೊದಲಿನದಿರಬಹುದು. ಗಂಡನಿಂದ ಬಂದಿರಬಹುದು, ಹೆಂಡತಿಯಿಂದ ಹೋಗಿರಬಹುದು, ಯಾವಾಗ ಅಂತ ಯಾವ ಡಾಕ್ಟರೂ ಹೇಳಲಾರರು. ಲೈಂಗಿಕ ಬದುಕು ನಡೆಸುವ ಹೆಚ್ಚಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಜೀವನದಲ್ಲಿ ಒಮ್ಮೆಯಾದರೂ ಇದು ಅಂಟಿಯೇ ಇರುತ್ತದೆ. ಒಬ್ಬರ ಜೊತೆಗೇ ಬಾಳಿದವರಿಗೂ ಬರುತ್ತದೆ. ನಡತೆಯ ಲೆಕ್ಕ ಹಾಕಲು ಆ ವರದಿ ಕೆಲಸಕ್ಕೆ ಬರುವುದಿಲ್ಲ.

ಸಮಾಧಾನದ ಸಂಗತಿಯೂ ಇದೆ. ಅಂಟಿದ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ. ಉಳಿದುಕೊಂಡರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ 5ರಿಂದ 10 ವರ್ಷ. ಈ ಸಮಯ ನಮ್ಮ ಕೈಯಲ್ಲಿದೆ.

ಮಗಳಿಗೆ ಲಸಿಕೆ, ಸಾಧ್ಯವಾದರೆ ಮಗನಿಗೂ

ಲಸಿಕೆಗೆ ಒಳ್ಳೆಯ ವಯಸ್ಸು 9ರಿಂದ 14. "ಇಷ್ಟು ಸಣ್ಣವಳಿಗೆ ಯಾಕೆ?" ಅಂತ ಶಿರಸಿಯ ಗೆಳತಿ ಕೇಳಿದಳು. ವೈರಸ್ ತಾಗುವ ಎಷ್ಟೋ ಮೊದಲೇ ಕಾವಲು ಸಿದ್ಧವಾಗಿರಲಿ ಅಂತ. ಆ ವಯಸ್ಸಿನಲ್ಲಿ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರ ಖಾಲಿ ಚಿಪ್ಪು ಮಾತ್ರ ಇರುತ್ತದೆ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ನಮ್ಮ ದೇಶದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರಿಂದ 26ರವರಿಗೆ ಮೂರು ಡೋಸ್. ಒಂದೇ ಡೋಸ್ ಕೂಡ ಸಣ್ಣ ವಯಸ್ಸಿನವರಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸರ್ಕಾರಿ ಲಸಿಕೆ ಎಲ್ಲಿ, ಯಾವಾಗ ಸಿಗುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಈಗಾಗಲೇ ಅಂಟಿರುವುದನ್ನು ಲಸಿಕೆ ಗುಣಪಡಿಸುವುದಿಲ್ಲ. ಬಸುರಿಯರು ಹೆರಿಗೆಯಾಗುವ ತನಕ ಕಾಯಬೇಕು.

ಕಾಂಡೋಮ್, ತಂಬಾಕು, ರೇಜರ್

ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಅದು ಮುಚ್ಚದ ಚರ್ಮವೂ ಇದೆಯಲ್ವಾ? ಹಾಗಂತ ಬಿಡಬೇಡಿ, ಬೇರೆ ಸೋಂಕುಗಳಿಗೂ ಅದು ತಡೆ. ಜನನಾಂಗದಲ್ಲಿ ನರಹುಲಿ ಕಂಡರೆ ಗುಣವಾಗುವ ತನಕ ಸಂಪರ್ಕ ಬೇಡ, ಅದರ ಮೇಲೆ ರೇಜರ್ ಎಳೆಯುವುದೂ ಬೇಡ. ಬೀಡಿ, ಸಿಗರೇಟು ಬಿಡಿ. ಧೂಮಪಾನ ಮಾಡುವವರ ದೇಹಕ್ಕೆ ಈ ವೈರಸ್ಸನ್ನು ಓಡಿಸುವುದು ಕಷ್ಟ.

30 ದಾಟಿದಿರಾ? ತಪಾಸಣೆಗೆ ಹೋಗಿ

ನಮ್ಮ ಜಿಲ್ಲೆಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. 2022ರ ಅಂದಾಜಿನಂತೆ ದೇಶದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ದೊಡ್ಡ ಆಸ್ಪತ್ರೆ ಬೇಕು ಅಂತ ನಾವು ವರ್ಷಗಳಿಂದ ಕೂಗುತ್ತಲೇ ಇದ್ದೇವೆ. ಕ್ಯಾನ್ಸರ್ ಬಂತೆಂದರೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಘಟ್ಟ ಹತ್ತಿ ಇಳಿಯಬೇಕು. ನನ್ನ ಅತ್ತೆಯೊಬ್ಬರು ಮುಟ್ಟು ನಿಂತು ಆರು ವರ್ಷದ ಮೇಲೆ ರಕ್ತ ಕಂಡರೂ "ಉಷ್ಣ ಆಗಿರಬೇಕು" ಅಂತ ಒಂದು ಮಳೆಗಾಲವನ್ನೇ ಕಳೆದರು. ಹೇಳಿದ್ದರೆ ನಾವು ಮೊದಲೇ ಕರೆದುಕೊಂಡು ಹೋಗುತ್ತಿದ್ದೆವು.

ತಪಾಸಣೆಗೆ ಅಷ್ಟು ದೂರ ಹೋಗಬೇಕಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎ ತಪಾಸಣೆ ಇದೆ. ಗರ್ಭಕೋಶದ ಕೊರಳಿಗೆ ತೆಳು ವಿನೆಗರ್‌ನಂಥ ದ್ರಾವಣ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಿದ್ದ ಜಾಗ ಬಿಳಿಚಿಕೊಳ್ಳುತ್ತದೆ. ಕತ್ತರಿ ಇಲ್ಲ, ಸೂಜಿ ಇಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಪ್ಯಾಪ್ (ಗರ್ಭಕೊರಳಿನ ಕೋಶಗಳನ್ನು ಸವರಿ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಬೇಕಿದ್ದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಅಥವಾ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮುಟ್ಟಿನ ದಿನ ಬಿಟ್ಟು ಹೋಗಿ. ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ಬೇಕು.

ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ಬಿಳಿ ಸೆರಗು ಇದ್ದರೆ ಐದು ವರ್ಷದ ಲೆಕ್ಕ ಬಿಡಿ, ಈ ವಾರವೇ ಹೋಗಿ.

ಬಿಳಿ ಕಲೆ ಕಂಡಿತು ಅಂದರೆ ಕ್ಯಾನ್ಸರ್ ಅಂತಲ್ಲ. ಕೆಲವು ಸಲ ಅದು ಕ್ಯಾನ್ಸರಿಗೆ ಮುಂಚಿನ ಬದಲಾವಣೆ, ಬಹಳ ಸಲ ಅದೂ ಅಲ್ಲ. ಚಿಕಿತ್ಸೆ ಬೇಕಿದ್ದರೆ ಆ ಜಾಗವನ್ನು ತಂಪಿನಿಂದಲೋ ಬಿಸಿಯಿಂದಲೋ ಸುಟ್ಟು ತೆಗೆಯುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಡಾಕ್ಟರ ಹತ್ತಿರ ಎರಡು ಮಾತು ಕೇಳಿ: ಇದು ಯಾವ ಹಂತದ್ದು, ಮತ್ತೆ ಯಾವಾಗ ಬರಬೇಕು. ಎರಡನೆಯದರ ಉತ್ತರವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಲ್ಲೇ ಬರೆದಿಡಿ.